ಕಾಫಿ ತಂದ ಹುಡುಗಿ ಆಮೇಲೆ ಎಲ್ಲಿಗೆ ಹೋದಳು?

ನಮ್ಮತ್ತೆಗೆ ಸಿನಿಮಾ ನೋಡುವುದಕ್ಕೇ ಬರುತ್ತಿರಲಿಲ್ಲ! ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಮದುವೆಯಾಗಿ, ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಹಿಂದಿರುಗಿದ್ದ ಅಪ್ಪನ ತಂಗಿ ಅವಳು. ಅರವತ್ತರ ದಶಕದ ಆ ದಿನಗಳಲ್ಲಿ ಸಾಗರಕ್ಕೆ ಟೆಂಟ್ ಸಿನಿಮಾ ಬಂದರೆ ಸಾಕು, ಯಾರು ಏನೆಂದರೂ ಕೇಳದೆ ಹೋಗಿ ಕೂರುತ್ತಿದ್ದಳು. ಕೂತು, ನಾಯಕನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ನೋಡಿ ಬರುತ್ತಿದ್ದಳು!

ಸಂತೆಯಲ್ಲಿ ನಾಯಕ ಖಳರನ್ನು ಬಡಿಯುವುದನ್ನು ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಇವಳಿಗೆ ಕುಂಬಾರನ ಚಿಂತೆ.

"ಅಷ್ಟೂ ಮಡಕೆ ಒಡ್ದು ಹಾಕಿದ್ನಲ್ಲೇ! ಆ ಮುದುಕ ಮನೆಗೆ ಹೋಗಿ ಹೆಂಡ್ತಿಗೆ ಎಂತ ಹೇಳ್ತಾನೆ?"

"ಅತ್ತೆ, ಅದು ಸಿನಿಮಾ!"

"ಮಡಕೆ ನಿಜದ್ದೇ ಅಲ್ದಾ?"

ಪಕ್ಕದ ಮನೆಯವರು ಕಥೆ ಕೇಳಲು ಬಂದರೆ ಮುಗಿಯಿತು. ರಾಜನ ಕಥೆಯನ್ನು ಚಾಮರ ಬೀಸುವವಳ ಕಡೆಯಿಂದ ಹೇಳುವಳು. ಕೊನೆಗೆ ರಾಜ ಏನಂದ ಎಂದು ಕೇಳಿದರೆ, "ಯಾರಿಗ್ಗೊತ್ತು ಮಾರಾಯ್ತಿ? ಪಾಪ, ಅವಳಿಗೆ ಕೈನೋವು. ಕೇಳಿಸ್ಕೊಳ್ಲಿಲ್ಲ" ಎನ್ನುವಳು. ಇಂಥವಳ ಬಾಯಲ್ಲಿ ಕಥೆ ಕೇಳಿ ಯಾರು ಉದ್ಧಾರವಾದರು ಅಂತೀರಾ? ನಾನೇ!

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಕಾಲೇಜಿನ ಕನಸು ಕಾಣುತ್ತಿದ್ದೆ. ಅಪ್ಪನಿಗೋ ತೀರ್ಥಹಳ್ಳಿಯ ವರನೊಬ್ಬ ಒಪ್ಪಿಗೆಯಾಗಿದ್ದ. ಬೆಳಗಾದರೆ ಮಾತುಕತೆಗೆ ಹೊರಡುವವರು. ಅಪ್ಪನೆದುರು ಬಾಯಿ ತೆರೆಯುವ ಧೈರ್ಯ ಯಾರಿಗಿತ್ತು? ಆ ಸಂಜೆ ಅತ್ತೆ, ಹೊಸನಗರದ ನೆಂಟರ ಮನೆಗೆ ಹೋದಾಗ ನೋಡಿದ ಸಿನಿಮಾದ ಕಥೆಯನ್ನು ಅಪ್ಪನಿಗೆ ಹೇಳತೊಡಗಿದಳು.

"ಅಣ್ಣ-ತಮ್ಮ ಜಮೀನಿಗೆ ಹೊಡೆದಾಡ್ತಾರೆ, ಅದು ಬಿಡು. ಮನೇಲಿ ಒಬ್ಳು ಹುಡುಗಿ. ಅವಳಪ್ಪ ಯಾರ ಹತ್ರಾನೋ ಅವಳ ಮದುವೆ ಮಾತಾಡ್ತಿರ್ತಾನೆ. ಅವಳು ಕಾಫಿ ತಂದಿಟ್ಟು ಒಳಗೆ ಹೋಗ್ತಾಳೆ."

"ಆಮೇಲೆ?"

"ಶಾಲೆ ಚೀಲ ಅಟ್ಟಕ್ಕೆ ಹಾಕ್ತಾಳೆ."

ಅಪ್ಪನಿಗೆ ಸಿಟ್ಟು ಬಂತು. "ಓದ್ತೀನಿ ಅಂತ ಬಾಯಿಬಿಟ್ಟು ಹೇಳ್ಬಾರ್ದಾ ಅವಳು?"

"ಯಾರಾದ್ರೂ ಕೇಳ್ಬೇಕಲ್ಲ, ಅಣ್ಣ."

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅಪ್ಪ ಬಹಳ ಹೊತ್ತು ನೋಡಿದರು.

"ನಿಂಗೆ ಓದೋ ಆಸೆ ಇದ್ಯೇನೆ?"

ಹೂಂ ಎಂದೆ. ಮರುದಿನ ತೀರ್ಥಹಳ್ಳಿಯ ಬಸ್ಸು ಅಪ್ಪನಿಲ್ಲದೆ ಹೊರಟಿತು.

ನಾನು ಓದಿ ಟೀಚರಾದ ಮೇಲೆ ಅದೇ ಸಿನಿಮಾ ಸಾಗರಕ್ಕೆ ಬಂತು. ನನ್ನ ಪಾಲಿಗೆ ಅದು ದೇವರಂಥ ಸಿನಿಮಾ! ಅತ್ತೆಯನ್ನು ಕರೆದುಕೊಂಡು ಹೋದೆ. ಅಣ್ಣ-ತಮ್ಮ ಹೊಡೆದಾಡಿದರು, ರಾಜಿಯಾದರು, ಕಥೆ ಮುಗಿಯುತ್ತ ಬಂದರೂ ಹುಡುಗಿಯ ಸುಳಿವಿಲ್ಲ.

"ಅತ್ತೆ, ಕಾಫಿ ತರೋ ಹುಡುಗಿ ಎಲ್ಲಿ?"

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದರಲ್ಲಿ ಎಲ್ಲಿರ್ತಾಳೆ? ಅವಳ ಚೀಲ ಇನ್ನೂ ನಮ್ಮನೆ ಅಟ್ಟದಲ್ಲೇ ಇದ್ಯಲ್ಲೇ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. ಸಿನಿಮಾ ಹೇಗೆ ಮುಗಿಯಿತೋ ಇಂದಿಗೂ ನನಗೆ ಗೊತ್ತಿಲ್ಲ. ನಾನು ಅತ್ತೆಯನ್ನು ನೋಡುತ್ತಿದ್ದೆ.