ಪೆಟ್ಟಿಗೆಯ ನಾಗ

ಕಿಟಕಿಯ ಬಳಿ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು ನಲ್ಲಿಗೆ ಹೋದದ್ದೇ ಚೆನ್ನಯ ಮಾಡಿದ ತಪ್ಪು.

ಅವನು ಮುಂಬಯಿಯ ಒಂದು ವಸ್ತುಸಂಗ್ರಹಾಲಯದ ಪ್ರಾಣಿ ವಿಭಾಗದಲ್ಲಿ ಜವಾನ. ಗಾಜು ಒರೆಸುವುದು, ‘ಮುಟ್ಟಬೇಡಿ’ ಎಂಬ ಫಲಕದ ಮರ್ಯಾದೆ ಕಾಯುವುದು ಅವನ ಮೂರು ವರ್ಷದ ಕಾಯಕ. ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪ್ರಾಣಿಗಳ ಕುರಿತು ಕಲಿಸುವ ಹೊಸ ಹುದ್ದೆಗೆ ಅರ್ಜಿ ಹಾಕಿದ್ದ. ೧೯೫೬ರ ಆ ಶುಕ್ರವಾರ ಹನ್ನೊಂದಕ್ಕೆ ಪರೀಕ್ಷೆ: ಶಾಲೆಗಳಿಗೆ ಒಯ್ಯುವ ಪೆಟ್ಟಿಗೆಯ ನಾಗರಹಾವನ್ನು ತೋರಿಸಿ ಹತ್ತು ನಿಮಿಷ ಪಾಠ. ಅಭ್ಯಾಸಕ್ಕೆಂದು ಹಿಂದಿನ ಸಂಜೆ ಅದನ್ನು ತಾನಿರುವ ಕುರ್ಲಾದ ಚಾಳಿಗೆ ತಂದಿದ್ದ.

ಬೆಳಿಗ್ಗೆ ನೀರಿನ ಬಾಲ್ದಿ ಹಿಡಿದು ಮರಳುವಾಗ ಬಾಗಿಲಲ್ಲಿ ಅರ್ಧ ಚಾಳು ನೆರೆದಿತ್ತು.

“ಎಂಥದು ಮಾರಾಯ ಇದು?” ಪಕ್ಕದ ಖೋಲಿಯ ಸೇವಂತಕ್ಕ ಕೆನ್ನೆ ಬಡಿದುಕೊಂಡಳು. “ಸತ್ತ ನಾಗನನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಿಯಲ್ಲ! ನಮ್ಮ ಊರಲ್ಲಾದರೆ ಮನುಷ್ಯರ ಹಾಗೆಯೇ ಸಂಸ್ಕಾರ ಮಾಡ್ತಾರೆ, ಗೊತ್ತುಂಟಾ?”

“ಅದು ಆಫೀಸಿನ ಹಾವು ಅಕ್ಕ. ಒಳಗೆ ಹತ್ತಿ ತುಂಬಿದ್ದು.”

“ನಾಗನ ಹೊಟ್ಟೆಗೆ ಹತ್ತಿ ತುಂಬಿದ ಪಾಪ ಬೇರೆ!” ಎಂದ ಶೇಖರ. ಮಾಟುಂಗದ ಹೋಟೆಲಿನ ಅಡುಗೆಯವನಾದ ಅವನಲ್ಲಿ ಅರ್ಧ ಮಂತ್ರವೂ ಪೂರ್ತಿ ಧೈರ್ಯವೂ ಇದ್ದವು.

ಆಚೆ ಮಗ್ಗುಲಿನ ರಾಚವ್ವ ಸೊಂಟಕ್ಕೆ ಕೈಯಿಟ್ಟಳು. “ನಮ್ಮ ಬಿಜಾಪುರದ ಕಡೆ ಹಾಲೆರೆದು ಕೈ ಮುಗೀತೀವಿ, ಸುಡೂದಿಲ್ಲ. ಆದ್ರ ಇವನ ಗ್ವಾಡಿ ನಮ್ಮ ಗ್ವಾಡಿಗೆ ಹತ್ತೇತಿ. ಶಾಪ ದಾಟಿ ಬಂದ್ರ ಹೆಂಗ? ಸುಟ್ಟಽ ಬಿಡ್ರಿ.”

ಒಪ್ಪದಿದ್ದರೆ ಖೋಲಿ ಖಾಲಿ ಮಾಡಬೇಕೆಂದರು. ಈ ಊರಿನಲ್ಲಿ ಹೋದ ನೌಕರಿ ಸಿಕ್ಕೀತು, ಹೋದ ಖೋಲಿ ಸಿಗದು. ಅಂಗಳದಲ್ಲಿ ಕರಟ ಪೇರಿಸಿ, ಹೋಟೆಲಿನ ತುಪ್ಪ ಸುರಿದು, ಮುಟ್ಟಲು ಅಂಜಿ ಪೆಟ್ಟಿಗೆಯ ಸಮೇತ ನಾಗನನ್ನು ಮಲಗಿಸಿದರು. ಕರ್ಮ ಮಾಡುವವನು ಚೆನ್ನಯನೇ ಆಗಬೇಕಾಯಿತು. ಕ್ಷೌರಿಕ ಕೈ ತೆಗೆದಾಗ ಅವನ ತಲೆ, ಸಂಗ್ರಹಾಲಯದ ಏಳನೆಯ ಕಪಾಟಿನ ಉಷ್ಟ್ರಪಕ್ಷಿಯ ಮೊಟ್ಟೆಯಂತೆ ಹೊಳೆಯುತ್ತಿತ್ತು. ಮೀಸೆಯೂ ಉಳಿಯಲಿಲ್ಲ. ಕೊಳ್ಳಿಯಿಟ್ಟವನೇ ಸ್ಟೇಷನ್ನಿಗೆ ಓಡಿದ. ಹಿಂದಿರುಗಿ ನೋಡಲಿಲ್ಲ, ನೋಡಬಾರದೆಂಬುದು ಶಾಸ್ತ್ರ.

ಶಿಕ್ಷಣ ವಿಭಾಗದ ಮುಖ್ಯಸ್ಥ ಮುರಿಗೆಪ್ಪ ಧಾರವಾಡದವರು. ಬೋಳುತಲೆ ಕಂಡು ಕುರ್ಚಿಯಿಂದ ಎದ್ದರು.

“ಅಯ್ಯೋ ತಮ್ಮಾ, ಯಾರು ತೀರಿಕೊಂಡ್ರೋ?”

“ನಾಗರಹಾವು, ಸಾಹೇಬ್ರೇ.”

ಕತೆ ಕೇಳಿ ಅವರು ನಕ್ಕ ಭರಕ್ಕೆ ಕನ್ನಡಕ ಮೇಜಿಗೆ ಬಿತ್ತು. ಅದನ್ನು ಮತ್ತೆ ಏರಿಸಿಕೊಳ್ಳುವಷ್ಟರಲ್ಲಿ ನಗು ಆರಿತ್ತು.

“ಹತ್ತಿ ತುಂಬೇದ ಅಂದ್ಯಾ? ಹುಡುಗರು ಕೈಯಾಗ ಹಿಡಿಯೂ ಪೆಟ್ಟಿಗ್ಯಾಗ ಖರೇ ಹಾವು ಇಡತೀವೇನೋ? ಅದು ಪ್ಲಾಸ್ಟರಿಂದು! ಮೂರು ವರ್ಷದಾಗ ಒಮ್ಮೆರೆ ಮುಟ್ಟಿ ನೋಡಲಿಲ್ಲೇನು?”

“ಎಲ್ಲ ಕಡೆ ಮುಟ್ಟಬೇಡಿ ಅಂತ ಬರೆದಿತ್ತಲ್ಲ, ಸಾಹೇಬ್ರೇ.”

ಮುಟ್ಟಿಸಿ ಕಲಿಸುವ ಹುದ್ದೆ ಇನ್ನೊಬ್ಬನ ಪಾಲಾಯಿತು. “ಪ್ಲಾಸ್ಟರ್ ಸುಡೂದಿಲ್ಲ,” ಎಂದರು ಮುರಿಗೆಪ್ಪ. “ನಾಳೆ ಮುಂಜಾನೆ ಆ ಹಾವು ಈ ಮೇಜಿನ ಮ್ಯಾಲೆ ಇರಬೇಕು. ಇಲ್ಲಂದ್ರ ಜವಾನಕಿನೂ ಇಲ್ಲ.”

ಸಂಜೆ ಚಾಳಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಕೇಳಿ ದೂರದ ಮಲಾಡ್‌ನಿಂದಲೂ ಜನ ಬಂದಿದ್ದರು. ಬೂದಿ ಗುಡಿಸಿದ ಜಾಗದಲ್ಲಿ, ಒಗೆಯುವ ಕಲ್ಲಿನ ಮೇಲೆ, ಬಣ್ಣ ಕಳೆದುಕೊಂಡು ಕಪ್ಪಾದ ನಾಗ ಹೆಡೆಯೆತ್ತಿ ನಿಂತಿತ್ತು. ತಲೆಯ ಮೇಲೊಂದು ದಾಸವಾಳ.

“ಬೆಂಕಿಯೇ ಹೆದರಿತು!” ಶೇಖರ ಸಾರುತ್ತಿದ್ದ.

“ಹಾಲೆರೀರಿ ಅಂತ ನಾ ಮೊದಲಽ ಹೇಳಿದ್ದೆ,” ಎಂದಳು ರಾಚವ್ವ.

ಗುಂಪು ಸೀಳಿ ಬಂದ ಚೆನ್ನಯ ಕೈ ಚಾಚಿದ. ಸೇವಂತಕ್ಕ ಸರಕ್ಕನೆ ಅಡ್ಡ ನಿಂತಳು.

“ಎಂಥ ಮಾಡ್ತಿ? ನಿನಗೆ ಸೂತಕ. ಹದಿಮೂರು ದಿನ ಮುಟ್ಲಿಕ್ಕಿಲ್ಲ.”

“ಸಾಯಲೇ ಇಲ್ಲವಲ್ಲ ಅಕ್ಕ! ಯಾರ ಸೂತಕ?”

“ತಲೆ ಬೋಳಿಸಿ ಆಯ್ತಲ್ಲ?”

“ಅದು ಬರೀ ಪ್ಲಾಸ್ಟರ್! ನಾಳೆ ಅದು ಆಫೀಸಿಗೆ ಹೋಗದಿದ್ದರೆ ನನ್ನ ಕೆಲಸ ಹೋಗ್ತದೆ!”

“ಬೆಳಿಗ್ಗೆ ಹತ್ತಿ ಅಂದಿ, ಈಗ ಪ್ಲಾಸ್ಟರ್ ಅಂತಿ. ನಾಳೆ ಸಾಬೂನು ಅಂತಿಯೋ?”

ಜನ ನಕ್ಕರು. ಶೇಖರ ಮಾತ್ರ ಸಮಾಧಾನದಿಂದ ಅವನ ಹೆಗಲ ಮೇಲೆ ಕೈಯಿಟ್ಟ. “ಬೇಜಾರು ಮಾಡ್ಬೇಡ ಮಾರಾಯ. ಹೀಗೆ ಎಲ್ಲರೂ ಕೈ ಹಾಕಿದರೆ ನಾಗ ಉಳಿಯುವುದುಂಟಾ? ನಿನ್ನ ಅಕ್ಷರ ಚಂದ ಉಂಟು. ಒಂದು ಬೋರ್ಡು ಬರೆದುಕೊಡು.”

ಹಲಗೆಯೂ ಸೀಮೆಸುಣ್ಣವೂ ಬಂದವು. ಏನು ಬರೆಯಬೇಕೆಂದು ಚೆನ್ನಯ ಕೇಳಲಿಲ್ಲ.