ಊರೆಲ್ಲ ಉಪಚರಿಸಿದ ಕಾಲು

ಕಲ್ಕತ್ತೆಯಲ್ಲಿ ಉಳುಕಿದ ಕಾಲುಗಳನ್ನು ಸರಿಮಾಡುವುದೇ ನನ್ನ ಹೊಟ್ಟೆಪಾಡು. ಹತ್ತಿರದ ಲೇಕಿನ ಸುತ್ತ ಓಡುವವರು, ಓಣಿಯ ಕ್ಲಬ್ಬುಗಳಲ್ಲಿ ಫುಟ್ಬಾಲ್ ಆಡುವವರು, ಈಚೆಗೆ ಸಾಫ್ಟ್‌ವೇರ್ ಕಂಪನಿಗಳ ಭಾನುವಾರದ ಆಟಗಾರರು, ಎಲ್ಲರೂ ಸದರ್ನ್ ಅವೆನ್ಯೂ ಹಿಂದಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕುಂಟುತ್ತ ಬರುತ್ತಾರೆ. ಬರುವಷ್ಟರಲ್ಲಿ ಹತ್ತು ಜನ ಚಿಕಿತ್ಸೆ ಮಾಡಿ ಮುಗಿಸಿರುತ್ತಾರೆ. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ, ನಾನೂ ನಕ್ಕು ಸುಮ್ಮನಾಗುತ್ತೇನೆ. ಒಂದು ಕಾಲಿನ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅದು ಹೌರಾದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ, ಗದಗಿನ ಕಡೆಯ ಗುಮಾಸ್ತರೊಬ್ಬರ ಮಗಳ ಕಾಲು. ಇಪ್ಪತ್ತೆರಡರ ಹುಡುಗಿ, ಫುಟ್ಬಾಲ್ ಕಾಲಿಗೆ ಸಿಕ್ಕಿತೆಂದರೆ ಹಿಡಿಯುವವರಿರಲಿಲ್ಲ. ಕ್ರೀಡಾ ಕೋಟಾದ ಸರ್ಕಾರಿ ಕೆಲಸವೊಂದರ ಆಯ್ಕೆಯ ಆಟಕ್ಕೆ ಏಳು ವಾರವಿತ್ತು. ಆ ಕೆಲಸ ಸಿಕ್ಕರೆ ಆಟ ಉಳಿಯುತ್ತದೆ, ಸಿಗದಿದ್ದರೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಅಂಥ ಹೊತ್ತಿನಲ್ಲಿ ಅಭ್ಯಾಸದ ವೇಳೆ ಕಾಲು ಹೊರಳಿತು.

ಸುಣ್ಣದ ಗೋಡೆ

ಹುಡುಗಿ ಬಂದಾಗ ನನಗೆ ಕಾಲೇ ಕಾಣಲಿಲ್ಲ. ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮ, ಎಲ್ಲರ ಬಾಯಲ್ಲಿ ಕಾಕೀಮಾ, ಸುಣ್ಣ-ಅರಿಶಿನ ಬಿಸಿ ಮಾಡಿ ಬೆರಳಿಂದ ಮೊಣಕಾಲಿನವರೆಗೆ ಮೆತ್ತಿದ್ದರು. ಇಲ್ಲಿ ಉಳುಕಿಗೆಲ್ಲ ಈ 'ಚುನ್-ಹೊಲುದ್' ಒಂದೇ ಮದ್ದು. ಒಣಗಿದ್ದನ್ನು ಬಿಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಅದರಡಿಯಲ್ಲಿ ಹೊರಬದಿಯ ಕಾಲ್ಗಣ್ಣಿನ ಸುತ್ತ ಬದನೆಕಾಯಿಯಂತೆ ಊದಿಕೊಂಡಿತ್ತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ, ಗಂಟು ಹಿಡಿದಿಡುವ ಸ್ನಾಯುಪಟ್ಟಿ ಅರ್ಧ ಹರಿದಿತ್ತು.

ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿ ಐಸ್ ಇಡಿ, ಬ್ಯಾಂಡೇಜು ಕಟ್ಟಿ, ಕಾಲು ದಿಂಬಿನ ಮೇಲಿರಲಿ ಎಂದು ಹೇಳಿ ಕಳಿಸಿದೆ. ಜನವರಿಯಲ್ಲಿ ಐಸೇ ಎಂದು ಕಾಕೀಮಾ ಹೌಹಾರಿದರಂತೆ. ಮರುದಿನ ನಾನೇ ನೋಡಲು ಹೋದೆ. ಹುಡುಗಿಯ ಕಾಲ ಮೇಲೆ ಐಸ್ ಇತ್ತು, ಶೀತವಾಗದಿರಲೆಂದು ತಲೆಗೆ ಮಂಕಿ ಟೋಪಿ, ಕುತ್ತಿಗೆಗೆ ಮಫ್ಲರು, ಕೈಗೆ ಉಣ್ಣೆಯ ಗವುಸು ಹಾಕಿದ್ದರು.

ಸ್ಪ್ರೇ

ಎರಡನೇ ವಾರ ಅವಳ ಕ್ಲಬ್ಬಿನ ಸೆಕ್ರೆಟರಿ ಬಂದರು. ಭಾನುವಾರ ಸೆಮಿಫೈನಲ್ ಇದೆ, ಟಿವಿಯಲ್ಲಿ ಹೊಡೆಯುತ್ತಾರಲ್ಲ, ಆ ಸ್ಪ್ರೇ ಹೊಡೆದು ಕಳಿಸಿ ಎಂದರು. ಸ್ಪ್ರೇಯಿಂದ ಕಾಲು ಮರಗಟ್ಟುತ್ತದೆ ಅಷ್ಟೇ, ಹರಿದದ್ದು ಕೂಡುವುದಿಲ್ಲ ಎಂದೆ. ತೊಂಬತ್ತು ನಿಮಿಷ ಮರಗಟ್ಟಿದರೆ ಸಾಕು, ಆಮೇಲೆ ನಿಮ್ಮ ಇಷ್ಟ ಎಂದರು. ಆಗುವುದಿಲ್ಲ ಎಂದೆ.

ಆಟಗಾರರಿಗೆ ಎದೆಗಾರಿಕೆ ಇರಬೇಕು, ನಮ್ಮ ಕಾಲದಲ್ಲಿ ನಾವು ಮುರಿದ ಕಾಲಲ್ಲೇ ಆಡಿದ್ದೇವೆ ಎಂದು ಬಹಳ ಹೊತ್ತು ಉಪದೇಶ ಮಾಡಿದರು. ಎದ್ದು ಹೊರಟವರು ಬಾಗಿಲಿನಿಂದ ತಿರುಗಿ ಬಂದು, ಕೇರಂ ಬೋರ್ಡಿನ ಸ್ಟೂಲು ತಾಗಿ ತಮ್ಮ ಕಾಲಿನ ಹೆಬ್ಬೆರಳು ನೋಯುತ್ತಿದೆಯೆಂದೂ ಆಫೀಸಿಗೆ ಹದಿನೈದು ದಿನದ ವಿಶ್ರಾಂತಿಯ ಚೀಟಿ ಬೇಕೆಂದೂ ಕೇಳಿದರು.

ಒಂಟಿಕಾಲಿನ ತಪಸ್ಸು

ಊತ ಇಳಿದ ಮೇಲೆ ವ್ಯಾಯಾಮ ಶುರುವಾಯಿತು. ಹಲ್ಲುಜ್ಜುವಾಗ ನೋವಿನ ಕಾಲೊಂದರ ಮೇಲೇ ನಿಲ್ಲಬೇಕು, ಗಂಟಿಗೆ ಸಮತೋಲ ಕಲಿಸುವ ಉಪಾಯವದು. ಹುಡುಗಿ ದಿನಕ್ಕೆ ನಾಲ್ಕು ಸಲ ವೆರಾಂಡದಲ್ಲಿ ಒಂಟಿಕಾಲಲ್ಲಿ ನಿಂತಳು. ಅಷ್ಟು ಶ್ರದ್ಧೆಯ ಪೇಷೆಂಟನ್ನು ನಾನು ಕಂಡಿಲ್ಲ. ಕೆಳಗಿನ ಮನೆಯವರು ಇದು ಗಂಡು ಸಿಗಲೆಂದು ಹೊತ್ತ ಹರಕೆ ಎಂದುಕೊಂಡರು.

ಐದನೇ ವಾರ ನಿಜವಾಗಿಯೂ ಸಂಬಂಧವೊಂದು ಬಂತು. ಹುಬ್ಬಳ್ಳಿ ಕಡೆಯ ಮನೆತನ, ಹುಡುಗ ಸಾಲ್ಟ್‌ಲೇಕಿನಲ್ಲಿ ಸಾಫ್ಟ್‌ವೇರ್. ಹುಡುಗಿಯ ತಾಯಿ ನನಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಜೊತೆಗೆ, ಎರಡೂ ಕಾಲಿನ ಮೇಲೆ ನಿಂತರೆ ಮದುವೆ ಇನ್ನೂ ಬೇಗ ಆದೀತೇ ಎಂದು ಕೇಳಿದರು.

ನಡೆದು ತೋರಿಸುವುದು

ಹುಡುಗಿ ನೋಡುವ ದಿನ, ನಾನೂ ಕನ್ನಡದವಳೆಂದು ನನ್ನನ್ನೂ ಕರೆದಿದ್ದರು. ಆಯ್ಕೆಯ ಆಟಕ್ಕೆ ಹತ್ತೇ ದಿನವಿತ್ತು. ಹುಡುಗ ಎತ್ತರವೆಂದು ಹುಡುಗಿಗೆ ಹೈ ಹೀಲ್ಸ್ ಹಾಕಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳ ಅಪ್ಪ ಕಿವಿಯಲ್ಲಿ ಹೇಳಿದರು.

"ಅಕ್ಕಾರ, ಒಂದ್ ಅರ್ಧಾ ತಾಸು ಸುಮ್ನಿರ್ರಿ. ಚೆಂಡಿನ ಸುದ್ದಿ, ಕಾಲಿನ ಸುದ್ದಿ ಎರಡೂ ತಗೀಬ್ಯಾಡ್ರಿ."

ಹುಡುಗನ ಸೋದರತ್ತೆ ಹುಡುಗಿಯನ್ನು ನಡೆದು ತೋರಿಸಲು ಹೇಳಿದರು. ಕ್ವಾರ್ಟರ್ಸಿನ ಹಾಲಿನಲ್ಲಿ ಆರು ಹೆಜ್ಜೆಗೆ ಗೋಡೆ ಬರುತ್ತದೆ. ಸರಿಯಾಗಿ ಕಾಣಲಿಲ್ಲ, ಮೆಟ್ಟಿಲು ಇಳಿದು ಹತ್ತಿ ಬಾ ಎಂದರು. ಮೂರನೇ ಮೆಟ್ಟಿಲಿನಲ್ಲಿ ಅದೇ ಕಾಲು ಹೊರಳಿತು. ಬಾಗಿಲ ಪಕ್ಕ ಕೂತಿದ್ದ ನನಗೊಬ್ಬಳಿಗೇ ಅದು ಕಂಡಿತು. ಹುಡುಗಿ ತುಟಿ ಕಚ್ಚಿಕೊಂಡು ಪೂರ್ತಿ ಇಳಿದು, ಪೂರ್ತಿ ಹತ್ತಿ, ಒಳಗೆ ಬಂದು ನಮಸ್ಕಾರ ಮಾಡಿದಳು. ಅತ್ತೆ ನಡಿಗೆ ಗಂಭೀರವಾಗಿದೆ ಎಂದು ಮೆಚ್ಚಿಕೊಂಡರು. ನಾನು ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಸಿದೆ. ಆ ಉಪ್ಪಿಟ್ಟಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಸರ್ಕಾರಿ ಪಗಾರ

ಅರ್ಧ ಹರಿದದ್ದು ಈಗ ಪೂರ್ತಿ ಹರಿದಿತ್ತು. ಆಯ್ಕೆಯ ದಿನ ಹುಡುಗಿ ಪ್ಲಾಸ್ಟರಿನಲ್ಲಿದ್ದಳು, ಕೆಲಸ ಬೇರೆಯವರಿಗೆ ಹೋಯಿತು. ಕೋಲೂರಿಕೊಂಡು ಅಪ್ಪನ ಜೊತೆ ಕ್ಲಿನಿಕ್ಕಿಗೆ ಬಂದಳು. ಗಂಡಿನ ಕಡೆಯಿಂದ ಏನು ಬಂತು ಎಂದು ಕೇಳಿದೆ. ಅಪ್ಪ ಮುಖ ಬೇರೆ ಕಡೆ ತಿರುಗಿಸಿದರು. ಹುಡುಗಿ ಚೆಂಡಾಡುವುದು ಗಂಡಿನ ಕಡೆಯವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಕೆಲಸದ ಆರ್ಡರು ಯಾವಾಗ ಬರುತ್ತದೆ ಎಂದು ವಿಚಾರಿಸಲೇ ಹುಡುಗನ ತಂದೆ ಫೋನ್ ಮಾಡಿದ್ದರು. ಅವರ ಮಾತನ್ನು ಅಪ್ಪ ಹಾಗೇ ಒಪ್ಪಿಸಿದರು.

"ಸಾಫ್ಟ್‌ವೇರ್ ಇವತ್ತು ಐತಿ, ನಾಳಿ ಹೆಂಗೋ. ಮನ್ಯಾಗ ಒಂದು ಸರ್ಕಾರಿ ಪಗಾರ ಇರ್ಲಿ ಅಂತನ ನಾವು ಬಂದಿದ್ವಿ."

ಕೆಲಸ ತಪ್ಪಿತು ಎಂದು ತಿಳಿದ ಮೇಲೆ ಅವರು ಮತ್ತೆ ಫೋನ್ ಮಾಡಲಿಲ್ಲ. ಆಮೇಲೆ ಅಪ್ಪ, ಬರುವ ತಿಂಗಳು ಇನ್ನೊಂದು ಕಡೆಯವರು ನೋಡಲು ಬರುತ್ತಾರೆ, ಅವನೂ ಸಾಫ್ಟ್‌ವೇರೇ, ಅಷ್ಟರಲ್ಲಿ ಇವಳು ನಡೆಯುವಂತೆ ಆದೀತೇ ಎಂದು ನನ್ನನ್ನು ಕೇಳಿದರು.

ಹುಡುಗಿ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಎದುರಿನ ಸ್ಟೂಲಿನ ಮೇಲೆ ಇಟ್ಟುಕೊಂಡಳು.

"ಅಪ್ಪಾ, ನೆಕ್ಸ್ಟ್ ಟೈಮ್ ನಾ ಹಿಂಗ ಕುಂತಿರ್ತೀನಿ. ಆ ಹೀಲ್ಸ್ ಹಾಕ್ಕೊಂಡು ಹುಡುಗ ಮೆಟ್ಟಲಾ ಇಳದು ತೋರಸ್ಲಿ."