ನಮ್ಮತ್ತೆ ಬೌಲರ್‌ಗೆ ಹಾಕಿದ ಸ್ವೆಟರ್

ಭಾರತ ತಂಡದ ಒಬ್ಬ ವೇಗದ ಬೌಲರನ ಎದೆಯ ಸುತ್ತಳತೆ ಎಷ್ಟು ಅಂತ ನಮ್ಮ ಸೋದರತ್ತೆಗೆ ಕಾಲಂಗುಲ ಹೆಚ್ಚುಕಡಿಮೆಯಿಲ್ಲದೆ ಗೊತ್ತಿತ್ತು. ಅಯ್ಯೋ, ಹುಬ್ಬೇರಿಸಬೇಡಿ! ಆಕೆ ಅವನನ್ನು ಎದುರಿಗೆ ಕಂಡದ್ದೇ ಇಲ್ಲ. ಮದುವೆಯ ಗೊಡವೆಗೆ ಹೋಗದೆ, ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ನಿವೃತ್ತರಾಗಿ ಬಸವನಗುಡಿಯ ನಮ್ಮ ಮನೆಯಲ್ಲೇ ಇದ್ದವರು. ಏಕಾದಶಿ ತಪ್ಪಿಸಿದವರಲ್ಲ. ಲೆಕ್ಕ ತಪ್ಪಿದವರಂತೂ ಅಲ್ಲವೇ ಅಲ್ಲ.

ಎಲ್ಲರ ವರ್ಷಕ್ಕೆ ಆರು ಋತುಗಳಾದರೆ ಅತ್ತೆಯ ವರ್ಷಕ್ಕೆ ಎರಡೇ: ಸ್ವೆಟರ್ ಹಾಕುವ ಕಾಲ, ಸ್ವೆಟರ್ ಬಿಚ್ಚುವ ಕಾಲ. ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನವೇ ಗಾಂಧಿಬಜಾರಿನಿಂದ ಹೆಣಿಗೆಗೆ ಕಡಿಮೆಬಿದ್ದಷ್ಟು ಉಲ್ಲನ್ ಬರುತ್ತಿತ್ತು. ಕಡಲೆಕಾಯಿ ಪರಿಷೆಯ ಹೊತ್ತಿಗೆ ತೋಳು ಮುಗಿಯುತ್ತಿತ್ತು, ಅವರೆಕಾಯಿಯ ಹೊತ್ತಿಗೆ ಕುತ್ತಿಗೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟಿತೋ, ನಮ್ಮ ಮೈಮೇಲಿದ್ದದ್ದನ್ನೆಲ್ಲ ಕಿತ್ತುಕೊಂಡು ಪರಪರ ಬಿಚ್ಚಿ ಉಂಡೆ ಸುತ್ತುತ್ತಿದ್ದರು.

"ಚೆನ್ನಾಗಿದೆಯಲ್ಲ ಅತ್ತೆ, ಯಾಕೆ ಬಿಚ್ತೀರಾ?"

"ಮುಂದಿನ ವರ್ಷ ನೀನು ಇಷ್ಟೇ ಇರ್ತೀಯೇನೋ ಪೆದ್ದೆ?"

ಹೀಗೆ ಒಂದೇ ಕಂದು ಬಣ್ಣದ ಉಲ್ಲನ್ನಿನಲ್ಲಿ ನಾನು ಮೂರನೇ ಕ್ಲಾಸಿನಿಂದ ಪಿಯುಸಿವರೆಗೆ ಬೆಳೆದೆ! ಆಗಿನ ಚಳಿಯೂ ಹಾಗೇ ಇತ್ತು ಅನ್ನಿ. ಬೆಳಗ್ಗೆ ಹಾಲಿನ ಬೂತಿಗೆ ಹೋದರೆ ಬಾಯಿಂದ ಹೊಗೆ ಬರುತ್ತಿತ್ತು. ನಾವು ಹುಡುಗರು ತುಟಿಗೆ ಎರಡು ಬೆರಳಿಟ್ಟುಕೊಂಡು ಸಿನಿಮಾ ಖಳನಾಯಕರಂತೆ ಸಿಗರೇಟು ಸೇದುತ್ತಿದ್ದೆವು.

ತೊಂಬತ್ತರ ದಶಕದ ನಡುವೆ ಅತ್ತೆಯ ಈ ಪಂಚಾಂಗವನ್ನು ಕೆಡಿಸಿದ್ದು ಟೀವಿ. ನಮ್ಮ ತಂಡ ಇಂಗ್ಲೆಂಡಿಗೆ ಹೋಗಿತ್ತು. ಚಿತ್ರಗೀತೆಗಳಿಗೆ ಕಾಯುತ್ತಾ ಕೂತಿದ್ದ ಅತ್ತೆಗೆ ಕ್ರಿಕೆಟ್ ಕಂಡಿತು.

"ಏನೋ ಇದು, ಜೂನ್ ತಿಂಗಳಲ್ಲಿ ಈ ಹುಡುಗ ಕೈಗೆ ಉಫ್ ಉಫ್ ಅಂತಿದಾನೆ! ಪಾಪ, ಯಾರ ಮನೆಯವನೋ."

"ನಮ್ಮೂರೋನೇ ಅತ್ತೆ!"

ಮುಗಿಯಿತು! ನಮ್ಮೂರಿನ ಹುಡುಗ, ಅದೂ ಕಡ್ಡಿಯಂತಿರುವವನು, ಪರಸೀಮೆಯಲ್ಲಿ ನಡುಗುವುದೇ? ಅವನಿಗೊಂದು ಬಿಳಿ ಸ್ವೆಟರ್ ಆಗಲೇಬೇಕು. ಆದರೆ ಅಳತೆ?

ಅವನು ನನ್ನ ದೇವರು. ಬಸ್ಸು ಹಿಡಿಯಲು ಕೂಡ ನಾನು ಅವನ ರನ್-ಅಪ್ಪಿನಲ್ಲೇ ಓಡುತ್ತಿದ್ದೆ, ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಪತ್ರಿಕೆಯ ನಡುಪುಟದಿಂದ ಕಿತ್ತ ಅವನ ಪೋಸ್ಟರ್ ನನ್ನ ಗೋಡೆಯ ಮೇಲಿತ್ತು, ಹೊಟ್ಟೆಯ ಮೇಲೆ ಸ್ಟೇಪಲ್ ಪಿನ್ನಿನ ಎರಡು ತೂತುಗಳ ಸಮೇತ. ಚಿತ್ರದಲ್ಲಿ ಅವನು ಸ್ಟಂಪಿನ ಪಕ್ಕದಲ್ಲೇ ಚೆಂಡು ಬಿಡುತ್ತಿದ್ದ. ಅತ್ತೆ ಸ್ಕೇಲು ಹಿಡಿದು ಅದರ ಮುಂದೆ ನಿಂತರು. ಸಂಜೆ ನನ್ನನ್ನು ಎಳೆದುಕೊಂಡು ಆಟದ ಸಾಮಾನಿನ ಅಂಗಡಿಗೆ ನಡೆದರು.

"ಬ್ಯಾಟ್ ತೋರಿಸ್ಲಾ ಮೇಡಂ?"

"ಬೇಡಪ್ಪಾ. ಆ ಗೂಟ ನೆಲದ ಮೇಲೆ ಎಷ್ಟುದ್ದ ನಿಲ್ಲತ್ತೆ ಹೇಳು, ಸಾಕು."

ಇಪ್ಪತ್ತೆಂಟು ಅಂಗುಲ! ಗೂಟ ಸಿಕ್ಕಿತು, ಅನುಪಾತ ಸಿಕ್ಕಿತು, ಎತ್ತರ, ತೋಳು, ಭುಜ ಎಲ್ಲವೂ ನೋಟ್‌ಬುಕ್ಕಿಗೆ ಇಳಿದವು. ಉಳಿದದ್ದು ಎದೆಯ ಸುತ್ತಳತೆ. ಚಪ್ಪಟೆ ಚಿತ್ರದಲ್ಲಿ ಸುತ್ತಳತೆ ಎಲ್ಲಿಂದ ತರುವುದು? ಗಂಡಸರ ಎದೆಯ ಅಗಲಕ್ಕೂ ಸುತ್ತಳತೆಗೂ ಇರುವ ಸಂಬಂಧ ತಿಳಿಯಲು ಮನೆಗೆ ಬಂದ ಗಂಡಸರನ್ನೆಲ್ಲ ನಿಲ್ಲಿಸಿ ಟೇಪು ಹಿಡಿದರು. ನಾನಾಯಿತು, ಗ್ಯಾಸ್ ಸಿಲಿಂಡರಿನವನಾಯಿತು, ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರೂ ಆದರು. ಅಪ್ಪನೂ ಉತ್ಸಾಹದಿಂದ ಬನಿಯನ್ ಎತ್ತಿ ನಿಂತ. ಅತ್ತೆ ತಮ್ಮನ ಹೊಟ್ಟೆಯನ್ನೊಮ್ಮೆ ನೋಡಿದರು.

"ನಿಂದು ಬಿಟ್ಬಿಡೋಣ. ಸರಾಸರಿ ಕೆಡತ್ತೆ."

ಸ್ವೆಟರ್ ಮುಗಿಯುವ ಹೊತ್ತಿಗೆ ಇಂಗ್ಲೆಂಡಿಗೆ ಹೋದವರು ವಾಪಸು ಬಂದಿದ್ದರು. ಮ್ಯಾಚಿಗೆ ಮುಂಚೆ ತಂಡ ನಮ್ಮೂರಲ್ಲೇ ಅಭ್ಯಾಸಕ್ಕಿಳಿದಾಗ ಅತ್ತೆ ಸ್ವೆಟರನ್ನು ಖಾಕಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿ ನನ್ನ ಕೈಗಿಟ್ಟರು. "ಬಿಗಿಯಾದ್ರೆ ಸಂಕೋಚ ಪಟ್ಕೋಬೇಡಿ, ನಮ್ಮತ್ತೆ ಬಿಚ್ಚಿ ಹಾಕ್ಕೊಡ್ತಾರೆ ಅಂತ ಹೇಳು."

ಹೋದೆ. ಮೈದಾನದ ಬೇಲಿಯ ಬಳಿ ಕಾಲೇಜಿನ ಗೆಳೆಯರ ಗುಂಪು.

"ಏನ್ ಮಗಾ ಪಾರ್ಸಲ್ಲು? ಪುಳಿಯೋಗರೆನಾ?"

ಎಲ್ಲರೂ ಹೋ ಅಂತ ನಕ್ಕರು. "ಪುಸ್ತಕ ಕಣೋ" ಅಂದೆ. ಹತ್ತೊಂಬತ್ತರ ವಯಸ್ಸು, ಅತ್ತೆ ಹಾಕಿದ ಸ್ವೆಟರ್ ಅಂತ ಬಾಯಿ ಬಿಡುವುದು ಹೇಗೆ? ಅಷ್ಟರಲ್ಲಿ ಸಾಕ್ಷಾತ್ ಅವನೇ ಬೇಲಿಯ ಹತ್ತಿರ ಬಂದ. ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಅದರ ಮೇಲೇ ದೊಡ್ಡದಾಗಿ ಸಹಿ ಹಾಕಿದ!

"ಮೆತ್ತಗಿದೆಯಲ್ಲಪ್ಪಾ. ಏನಿದು?"

ಗೆಳೆಯರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಏನಿಲ್ಲ ಸಾರ್" ಅಂದೆ. ಅವನು ಪೊಟ್ಟಣವನ್ನು ನನಗೇ ವಾಪಸು ಕೊಟ್ಟು ಮುಂದೆ ಹೋದ.

ಮನೆಯಲ್ಲಿ ಅತ್ತೆ ಗೇಟಿನಲ್ಲೇ ಕಾಯುತ್ತಿದ್ದರು. ನಾನು ಸ್ವೆಟರನ್ನು ಬ್ಯಾಗಿನಲ್ಲಿ ಅಡಗಿಸಿ ಖಾಕಿ ಕಾಗದವನ್ನು ಮಾತ್ರ ಮುಂದೆ ಹಿಡಿದೆ. "ಕೊಟ್ಟೆ ಅತ್ತೆ. ತುಂಬ ಚೆನ್ನಾಗಿದೆ ಅಂದ್ರು. ಸಹಿನೂ ಹಾಕಿದಾರೆ ನೋಡಿ." ಕಾಗದ ದೇವರ ಮನೆ ಸೇರಿತು. ಸ್ವೆಟರ್ ಅಟ್ಟದ ಮೇಲೆ, ಪ್ರಯಾಣಕ್ಕೆ ಹಾಸಿಗೆ ಸುತ್ತುತ್ತಿದ್ದ ಹಳೆಯ ಹೋಲ್ಡಾಲಿನೊಳಗೆ ಸೇರಿತು.

ಆಮೇಲೆ ಅತ್ತೆ ಒಂದು ಮ್ಯಾಚೂ ಬಿಡಲಿಲ್ಲ. ಅವನು ಎಷ್ಟು ವಿಕೆಟ್ ತೆಗೆದ ಅನ್ನುವುದು ಅವರಿಗೆ ಬೇಕಿರಲಿಲ್ಲ. "ಇವತ್ತೂ ಹಾಕ್ಕೊಂಡಿಲ್ಲ. ಒಗೆಯೋಕೆ ಹಾಕಿರ್ಬೇಕು" ಎನ್ನುವರು. ಇನ್ನೊಂದು ದಿನ "ಶಾರ್ಜಾದಲ್ಲಿ ಸೆಖೆ ಅಲ್ವಾ, ಯಾಕ್ ಹಾಕ್ಕೋತಾನೆ" ಎನ್ನುವರು. ಮರುವರ್ಷ ಚಳಿಯ ದೇಶದ ಟೆಸ್ಟಿನಲ್ಲಿ ಅವನು ಬೇರೆ ಯಾವುದೋ ಸ್ವೆಟರ್ ತೊಟ್ಟು ಬಂದ. ಅತ್ತೆ ಟೀವಿಯ ಹತ್ತಿರ ಹೋಗಿ ಅಂಚಿನ ಹೆಣಿಗೆಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಹಳೆಯ ನೋಟ್‌ಬುಕ್ ತೆರೆದು ಕೂತರು. ಒಂದು ವಾರ ಅದೇ ಲೆಕ್ಕ, ಮತ್ತೆ ಮತ್ತೆ.

"ಕಂಕುಳ ಹತ್ರ ಬಿಗಿಯಾಗಿರ್ಬೇಕು ಕಣೋ. ಪಾಪ, ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅಂದಿದಾನೆ. ನಂದೇ ಲೆಕ್ಕ ತಪ್ಪಿದೆ."

ಆಗ ಹೇಳಬಹುದಿತ್ತು. ನಾಲಗೆ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ, ಹೇಡಿ ನಾನು!

ಆ ವರ್ಷ ಗಣೇಶ ನೀರಿಗೆ ಹೋದ, ಉಲ್ಲನ್ ಮನೆಗೆ ಬರಲಿಲ್ಲ. ಕಣ್ಣು ಕಾಣಲ್ಲ ಅಂದರು. ಪಂಚಾಂಗದ ಸಣ್ಣಕ್ಷರ ಮಾತ್ರ ಚೆನ್ನಾಗಿ ಕಾಣುತ್ತಿತ್ತು! ಹೆಣಿಗೆಯ ಕಡ್ಡಿಗಳು ಅಡುಗೆಮನೆ ಸೇರಿ, ಇಡ್ಲಿ ಬೆಂದಿದೆಯೇ ಅಂತ ಚುಚ್ಚಿ ನೋಡುವ ಕೆಲಸಕ್ಕೆ ಬಿದ್ದವು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ಅವಳಿಗೆ ಟೋಪಿ, ಕಾಲುಚೀಲ ಎಲ್ಲವನ್ನೂ ಅಂಗಡಿಯಿಂದ ತಂದೆವು. ಬೌಲರೂ ನಿವೃತ್ತನಾದ.

ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಹೋಲ್ಡಾಲ್ ಇಳಿಯಿತು. ಕೆಲಸದವರು ಅದನ್ನು ಅತ್ತೆಯ ಮುಂದೆಯೇ ಬಿಡಿಸಿದರು, ಬಿಳಿ ಸ್ವೆಟರ್ ಹೊರಬಿತ್ತು. ಸುಳ್ಳು ಹೇಳಲು ನನಗೆ ಇನ್ನೇನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ.

"ಹಾಗಾದ್ರೆ ಅವನು ಹಾಕ್ಕೊಂಡೇ ನೋಡ್ಲಿಲ್ವಾ?"

"ಇಲ್ಲ ಅತ್ತೆ."

"ಬಿಗಿಯಾಗ್ಲಿಲ್ವಾ?"

"ಇಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಒಂದು ಮಾತು ಹೇಳಿದ್ರೆ ನಾನು ಸ್ವೆಟರ್ ಹಾಕ್ತಾನೇ ಇರ್ತಿದ್ನಲ್ಲೋ" ಅಂದರು. "ಲೆಕ್ಕ ತಪ್ಪೋಳು ಅಂತ ಇಷ್ಟು ವರ್ಷ ಕೈಕಟ್ಟಿ ಕೂತ್ನಲ್ಲೋ. ನಿನ್ನ ಮಗೂಗೆ ಒಂದು ಟೋಪಿ ಹಾಕ್ಲಿಲ್ಲ ನಾನು."

ಸ್ವೆಟರನ್ನು ಕೊಡವಿ ನನ್ನ ಮುಂದೆ ಹಿಡಿದು, "ಎಲ್ಲಿ, ಹಾಕ್ಕೋ" ಅಂದರು. ಹಾಕಿಕೊಂಡೆ. ತೋಳುಗಳು ಬೆರಳು ದಾಟಿ ಜೋತುಬಿದ್ದವು, ಅಂಚು ತೊಡೆಯವರೆಗೆ ಬಂತು. ಅತ್ತೆ ಭುಜದ ಹೊಲಿಗೆಯನ್ನು ಕೈಯಲ್ಲಿ ಸವರಿ ನೋಡಿದರು, ಕಂಕುಳಲ್ಲಿ ಬೆರಳು ಹಾಕಿ ನೋಡಿದರು.

"ಅಳತೆ ಸರಿಯಾಗೇ ಇದೆ. ಒಳಗಿರೋನೇ ಸಾಲ್ದು."

ಅವತ್ತೇ ಅಡುಗೆಮನೆಯಿಂದ ಕಡ್ಡಿ ತರಿಸಿಕೊಂಡರು. ಮಗಳನ್ನು ನಿಲ್ಲಿಸಿ ತಲೆಯ ಸುತ್ತಳತೆ ತೆಗೆದರು. ಐದಾರು ಕುಣಿಕೆ ಹಾಕಿದರು, ಗಂಟು ಕಟ್ಟಿದ ಬೆರಳುಗಳು ಮಡಚಲಿಲ್ಲ, ಕಡ್ಡಿ ಜಾರಿ ಬಿತ್ತು. "ನಾಳೆ ನೋಡೋಣ" ಅಂದರು. ಮಾರನೆಯ ದಿನವೂ ಹಾಗೇ ಅಂದರು.

ಈಗ ಅತ್ತೆ ಇಲ್ಲ. ಚಳಿಯೂ ಮೊದಲಿನ ಹಾಗಿಲ್ಲ, ಹಾಲಿಗೆ ಹೋದರೆ ಬಾಯಿಂದ ಹೊಗೆ ಬರುವುದಿಲ್ಲ. ಆದರೂ ಅವರೆಕಾಯಿ ಬಂತೆಂದರೆ ಆ ಸ್ವೆಟರನ್ನು ತೆಗೆದು, ತೋಳುಗಳನ್ನು ಮೂರು ಸುತ್ತು ಮಡಚಿ ಹಾಕಿಕೊಳ್ಳುತ್ತೇನೆ. ಶಿವರಾತ್ರಿ ಬರುತ್ತದೆ, ಹೋಗುತ್ತದೆ. ಮೈಮೇಲಿಂದ ಕಿತ್ತುಕೊಂಡು ಬಿಚ್ಚುವವರು ಮಾತ್ರ ಯಾರೂ ಬರುವುದಿಲ್ಲ.